ಕಿಣ್ವ ಎಂದರೆ ಸಾಲದು, ಯೂನಿಟ್ ಎಷ್ಟು?

ಪಪ್ಪಾಯಿ ಕಾಯಿಗೆ ಗೀರು ಹಾಕಿ ಇಳಿಸಿದ ಹಾಲನ್ನು ಒಣಗಿಸಿದರೆ ಸಿಗುವ ಪುಡಿಯಲ್ಲಿ ಪಪೇನ್ ಎಂಬ ಕಿಣ್ವ ಇರುತ್ತದೆ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಕಂಪನಿ ಶುರುವಾದಾಗ ಅದು ತಯಾರಿಸಿದ ಮೊದಲ ಸರಕುಗಳಲ್ಲಿ ಪಪೇನ್ ಒಂದು. ತಂಪಾಗಿಸಿದ ಬಿಯರ್ ಮಸುಕಾಗದಿರಲು, ಮಾಂಸ ಮೆತ್ತಗಾಗಲು ಇದು ಬೇಕಾಗುತ್ತದೆ. ಈ ಬಗೆಯ ಸರಕನ್ನು ಒಂದು ಕಾರ್ಖಾನೆ ಇನ್ನೊಂದು ಕಾರ್ಖಾನೆಗೆ ಮಾರುವಾಗ ಕಿಲೋ ಲೆಕ್ಕ ನೆಪಕ್ಕೆ ಮಾತ್ರ. ನಿಜವಾದ ಚೌಕಾಸಿ ನಡೆಯುವುದು ಯೂನಿಟ್ಟಿನ ಮೇಲೆ: ಒಂದು ಗ್ರಾಂ ಪುಡಿ, ಇಂಥ ಉಷ್ಣತೆಯಲ್ಲಿ, ಇಂಥ ಹುಳಿಯಲ್ಲಿ, ಒಂದು ನಿಮಿಷಕ್ಕೆ ಎಷ್ಟು ಪ್ರೋಟೀನನ್ನು ಕಡಿಯುತ್ತದೆ? ಬಿಸಿಗೆ ಸಿಕ್ಕಿ ಕೆಟ್ಟ ಪಪೇನ್ ತೂಕದಲ್ಲಿ ಗುಲಗಂಜಿಯಷ್ಟೂ ಕಮ್ಮಿಯಾಗಿರುವುದಿಲ್ಲ, ಬಣ್ಣವೂ ಹೆಚ್ಚೇನೂ ಬದಲಾಗಿರುವುದಿಲ್ಲ. ಕೆಲಸ ಮಾತ್ರ ನಿಂತಿರುತ್ತದೆ. ಇದು ಗೊತ್ತಿರುವ ಕೊಳ್ಳುಗ ಯೂನಿಟ್ ನೋಡದೆ ಹಣ ಬಿಚ್ಚುವುದಿಲ್ಲ. ಇಷ್ಟು ಜಾಗರೂಕತೆಯ ಈ ವ್ಯಾಪಾರ ಸಾಮಾನ್ಯ ಗ್ರಾಹಕನ ಹತ್ತಿರ ಬಂದ ಕೂಡಲೇ ಬೇರೆ ಭಾಷೆ ಮಾತಾಡತೊಡಗುತ್ತದೆ. ಜೀರ್ಣಕ್ಕೆ ಕಿಣ್ವ, ಮುಖದ ಕಾಂತಿಗೆ ಕಿಣ್ವ, ನೆಲ ಒರೆಸಲು ಬಯೋ ಎಂಜೈಮ್, ಕೆರೆ ಶುದ್ಧಿಗೆ ಎಂಜೈಮ್ ದ್ರಾವಣ. ಯಾವ ಕಿಣ್ವ ಎಂದು ಕೇಳಿದರೆ ಉತ್ತರ ಅರ್ಧ, ಎಷ್ಟು ಎಂದರೆ ಅದೂ ಇಲ್ಲ.

ಇದು ತಪ್ಪು, ಮತ್ತು ತಿದ್ದಲು ಸಾಧ್ಯವಿರುವ ತಪ್ಪು ಎಂಬುದು ಈ ಬರಹದ ವಾದ. ಕಿಣ್ವ ಇದೆ ಎಂದು ಹೇಳಿ ಮಾರುವ ಯಾವುದೇ ಪದಾರ್ಥದ ಮೇಲೆ ಮೂರು ಸಂಗತಿ ಅಚ್ಚಾಗಿರಬೇಕು: ಅದು ಯಾವ ಕಿಣ್ವ, ಎಷ್ಟು ಯೂನಿಟ್, ಯಾವ ಉಷ್ಣತೆ ಮತ್ತು ಪಿಎಚ್‌ನಲ್ಲಿ ಅಳೆದದ್ದು. ಮೊದಲನೆಯದಕ್ಕೆ ಉತ್ತರ ಕೊಡುವುದು ಕಿಣ್ವಗಳ ವರ್ಗೀಕರಣ, ಉಳಿದೆರಡಕ್ಕೆ ಅವುಗಳ ವೇಗಶಾಸ್ತ್ರ. ಎರಡೂ ನಮ್ಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲೇ ಇವೆ. ಮಕ್ಕಳು ವರ್ಗಗಳ ಹೆಸರನ್ನು ಬಾಯಿಪಾಠ ಮಾಡಿ, ಬಾಗಿದ ಗೆರೆಯ ನಕ್ಷೆ ಬರೆದು, ಅಂಕ ತೆಗೆದುಕೊಂಡು, ಪರೀಕ್ಷೆ ಮುಗಿದ ಸಂಜೆ ಮರೆಯುತ್ತಾರೆ. ಔಷಧದ ಅಂಗಡಿಯಲ್ಲಿ ನಿಂತಾಗ ಉಪಯೋಗಕ್ಕೆ ಬರುವ ವಿದ್ಯೆ ಇದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಕಿಣ್ವ ಎಂಬ ಒಂದು ಪದದ ಅಡಿಯಲ್ಲಿ ಎಂತೆಂಥವು ಸೇರಿಕೊಂಡಿವೆ ನೋಡಿ. ನಮ್ಮ ರಕ್ತದ ಕೆಂಪು ಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಇಂಗಾಲದ ಡೈಆಕ್ಸೈಡನ್ನು ನೀರಿನೊಂದಿಗೆ ಕೂಡಿಸುತ್ತದೆ. ಅದರ ಒಂದೇ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಈ ಕೆಲಸ ಮಾಡಬಲ್ಲದು. ಹಸಿರು ಎಲೆಗಳಲ್ಲಿ ಅದೇ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರೂಬಿಸ್ಕೊ ಸೆಕೆಂಡಿಗೆ ಮಾಡುವುದು ಮೂರೋ ನಾಲ್ಕೋ ಸಲ. ಲೋಕದ ಅನ್ನವೆಲ್ಲ ಈ ಸೋಮಾರಿ ಕಿಣ್ವದ ಕೃಪೆ ಎಂಬುದು ಬೇರೆ ಮಾತು. ಅದಕ್ಕೇ ಗಿಡಗಳು ಅದನ್ನು ಎಲೆಯ ತುಂಬ ತುಂಬಿಕೊಂಡಿರುತ್ತವೆ. ಎರಡನ್ನೂ ಕಿಣ್ವ ಎಂದೇ ಕರೆಯುತ್ತೇವೆ, ವೇಗದಲ್ಲಿ ಲಕ್ಷಗಟ್ಟಲೆ ಪಟ್ಟು ಅಂತರವಿದೆ. ಹೀಗಿರುವಾಗ ಪೊಟ್ಟಣದ ಮೇಲೆ ಬರೀ ‘ಕಿಣ್ವಯುಕ್ತ’ ಎಂದು ಬರೆದರೆ ಓದುವವನಿಗೆ ಸಿಗುವ ಮಾಹಿತಿ ಸೊನ್ನೆ.

ಹೆಸರಿನ ಗೊಂದಲ ವಿಜ್ಞಾನಿಗಳನ್ನೂ ಕಾಡಿತ್ತು. 1833ರಲ್ಲಿ ಫ್ರಾನ್ಸಿನ ಪಾಯನ್ ಮತ್ತು ಪರ್ಸೋ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟ ಕರಗಿಸುವ ವಸ್ತುವನ್ನು ಬೇರ್ಪಡಿಸಿ ಡಯಸ್ಟೇಸ್ ಎಂದು ಕರೆದರು. ಅಲ್ಲಿಂದ ನೂರಿಪ್ಪತ್ತು ವರ್ಷ ಕಂಡುಹಿಡಿದವರು ಮನಬಂದಂತೆ ಹೆಸರಿಡುತ್ತ ಹೋದರು. ಒಂದೇ ಕಿಣ್ವಕ್ಕೆ ಎರಡು ಮೂರು ಹೆಸರು, ಒಂದೇ ಹೆಸರಿಗೆ ಎರಡು ಕಿಣ್ವ. ಒಂದಕ್ಕಂತೂ ‘ಹಳೆಯ ಹಳದಿ ಕಿಣ್ವ’ ಎಂದೇ ಹೆಸರು. ಏನು ಮಾಡುತ್ತದೆ ಎಂಬುದರ ಸುಳಿವೇ ಇಲ್ಲ. 1956ರಲ್ಲಿ ಅಂತರರಾಷ್ಟ್ರೀಯ ಜೀವರಸಾಯನ ಒಕ್ಕೂಟ ಕೇಂಬ್ರಿಜ್‌ನ ಮಾಲ್ಕಮ್ ಡಿಕ್ಸನ್ ಅಧ್ಯಕ್ಷತೆಯಲ್ಲಿ ಒಂದು ಆಯೋಗ ನೇಮಿಸಿತು. 1961ರಲ್ಲಿ ಬಂದ ಅದರ ವರದಿ 712 ಕಿಣ್ವಗಳನ್ನು ಪಟ್ಟಿ ಮಾಡಿತು. ಇವತ್ತು ಆ ಪಟ್ಟಿ ಆರು ಸಾವಿರ ದಾಟಿದೆ. ಆಯೋಗ ತೆಗೆದುಕೊಂಡ ತೀರ್ಮಾನ ಸರಳ, ದಿಟ್ಟ. ಕಿಣ್ವ ಎಲ್ಲಿಂದ ಬಂತು, ಯಾವ ಪ್ರಾಣಿಯದು, ಯಾವ ಆಕಾರದ್ದು ಎಂಬುದನ್ನೆಲ್ಲ ಬದಿಗಿಟ್ಟು, ಅದು ನಡೆಸುವ ರಾಸಾಯನಿಕ ಕ್ರಿಯೆ ಯಾವುದು ಎಂಬ ಒಂದೇ ಆಧಾರದ ಮೇಲೆ ವಿಂಗಡಿಸಿತು. ಎಲೆಕ್ಟ್ರಾನು ದಾಟಿಸುವವು ಆಕ್ಸಿಡೊರಿಡಕ್ಟೇಸ್, ಅಣುವಿನ ಒಂದು ಗುಂಪನ್ನು ಕಿತ್ತು ಇನ್ನೊಂದಕ್ಕೆ ಅಂಟಿಸುವವು ಟ್ರಾನ್ಸ್‌ಫರೇಸ್, ನೀರು ಸೇರಿಸಿ ಒಡೆಯುವವು ಹೈಡ್ರೊಲೇಸ್, ನೀರಿಲ್ಲದೆ ಬಿಡಿಸುವವು ಲಯೇಸ್, ಒಳಗೊಳಗೇ ಜಾಗ ಬದಲಿಸುವವು ಐಸೊಮರೇಸ್, ಶಕ್ತಿ ಖರ್ಚು ಮಾಡಿ ಎರಡನ್ನು ಬೆಸೆಯುವವು ಲೈಗೇಸ್. 2018ರಲ್ಲಿ ಏಳನೆಯ ವರ್ಗವೂ ಸೇರಿತು: ಜೀವಕೋಶದ ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ವಸ್ತು ಸಾಗಿಸುವ ಟ್ರಾನ್ಸ್‌ಲೊಕೇಸ್.

ಪ್ರತಿ ಕಿಣ್ವಕ್ಕೂ ನಾಲ್ಕು ಅಂಕಿಗಳ ಇ.ಸಿ. ಸಂಖ್ಯೆ ಇದೆ. ಪಪೇನ್‌ನದು 3.4.22.2. ಮೊದಲ 3 ಎಂದರೆ ನೀರು ಸೇರಿಸಿ ಒಡೆಯುವುದು, 4 ಎಂದರೆ ಪ್ರೋಟೀನಿನ ಕೊಂಡಿಯನ್ನು, 22 ಎಂದರೆ ಸಿಸ್ಟೀನ್ ಎಂಬ ಅಮೈನೊ ಆಮ್ಲದ ನೆರವಿನಿಂದ, ಕೊನೆಯ 2 ಪಟ್ಟಿಯಲ್ಲಿ ಅದರ ಸ್ಥಾನ. ಜಠರದ ಪೆಪ್ಸಿನ್ 3.4.23.1. ಎರಡೂ ಪ್ರೋಟೀನ್ ಕಡಿಯುತ್ತವೆ, ಆದರೆ ಮೂರನೆಯ ಅಂಕಿ ಬೇರೆ. ಆ ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ಸಂಗತಿಯಿದೆ: ಪೆಪ್ಸಿನ್ ಕೆಲಸ ಮಾಡುವುದು ಸುಣ್ಣವನ್ನೂ ಕರಗಿಸಬಲ್ಲ ಜಠರದ ಆಮ್ಲದಲ್ಲಿ, ಪಪೇನ್‌ಗೆ ಅಷ್ಟು ಹುಳಿ ಆಗಿಬರುವುದಿಲ್ಲ. ಅಂಗಡಿಯ ಬಾಟಲಿಯ ಮೇಲೆ ‘ಪ್ರೋಟೀನ್ ಕಿಣ್ವ’ ಎಂದಷ್ಟೇ ಬರೆದಿದ್ದರೆ ಯಾವುದು ಯಾವ ಜಾಗದಲ್ಲಿ ಬದುಕುತ್ತದೆ ಎಂದು ತಿಳಿಯುವ ದಾರಿಯಿಲ್ಲ. ನಾಲ್ಕು ಅಂಕಿ ಇದ್ದರೆ ಫೋನಿನಲ್ಲಿ ಹುಡುಕಿ ಎರಡು ನಿಮಿಷದಲ್ಲಿ ತಿಳಿಯಬಹುದು.

ಹಾಗೆಂದು ಸಂಖ್ಯೆಯೊಂದೇ ಸಾಲದು. ಅದು ಏಕೆ ಸಾಲದು ಎಂಬುದಕ್ಕೆ ನಮ್ಮ ರಕ್ತದ ಸಕ್ಕರೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗ್ಲುಕೋಸನ್ನು ಬಳಕೆಗೆ ಹಚ್ಚುವ ಮೊದಲ ಹೆಜ್ಜೆ ಅದಕ್ಕೊಂದು ಫಾಸ್ಫೇಟ್ ಅಂಟಿಸುವುದು. ಮಿದುಳಿನಲ್ಲಿ ಈ ಕೆಲಸ ಮಾಡುವುದು ಹೆಕ್ಸೋಕೈನೇಸ್, ಯಕೃತ್ತು ಮತ್ತು ಮೇದೋಜೀರಕದ ಇನ್ಸುಲಿನ್ ಕಣಗಳಲ್ಲಿ ಗ್ಲುಕೋಕೈನೇಸ್. ವರ್ಗೀಕರಣದ ಕಣ್ಣಿಗೆ ಎರಡೂ ಒಂದೇ. ಮನುಷ್ಯನ ಗ್ಲುಕೋಕೈನೇಸ್ ಕೂಡ 2.7.1.1 ಎಂಬ ಅದೇ ಸಂಖ್ಯೆಯಡಿ ಬರುತ್ತದೆ. ಆದರೆ ಹೆಕ್ಸೋಕೈನೇಸ್ ತನ್ನ ಗರಿಷ್ಠ ವೇಗದ ಅರ್ಧವನ್ನು ಮುಟ್ಟಲು 100 ಮಿಲಿಲೀಟರಿಗೆ ಸುಮಾರು 2 ಮಿಲಿಗ್ರಾಂ ಗ್ಲುಕೋಸ್ ಇದ್ದರೆ ಸಾಕು, ಇನ್ನೂ ಕಡಿಮೆಯಲ್ಲೂ ನಡೆದೀತು. ಗ್ಲುಕೋಕೈನೇಸ್‌ಗೆ ಹತ್ತಿರ ಹತ್ತಿರ 145 ಮಿಲಿಗ್ರಾಂ ಬೇಕು. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಆರೋಗ್ಯವಂತರ ರಕ್ತದಲ್ಲಿರುವುದು 90ರ ಆಸುಪಾಸು. ಅಂದರೆ ಉಪವಾಸವಿರಲಿ, ಮದುವೆಯೂಟವಿರಲಿ, ಮಿದುಳಿನ ಕಿಣ್ವ ಒಂದೇ ವೇಗದಲ್ಲಿ ದುಡಿಯುತ್ತದೆ. ಮೇದೋಜೀರಕದ ಕಿಣ್ವ ಮಾತ್ರ ಸಕ್ಕರೆ ಏರಿದಂತೆ ವೇಗ ಹೆಚ್ಚಿಸಿಕೊಂಡು, ಇನ್ಸುಲಿನ್ ಬಿಡುವ ಹೊತ್ತಾಯಿತು ಎಂದು ತಿಳಿಸುತ್ತದೆ. ಹುಟ್ಟಿನಿಂದಲೇ ಗ್ಲುಕೋಕೈನೇಸ್‌ನ ಒಂದು ಜೀನು ಕೆಟ್ಟಿರುವವರಲ್ಲಿ ಈ ಸೂಚನೆ ಸ್ವಲ್ಪ ತಡವಾಗಿ ಹೊರಡುತ್ತದೆ. ಅವರ ಖಾಲಿ ಹೊಟ್ಟೆಯ ಸಕ್ಕರೆ ಜೀವನವಿಡೀ ತುಸು ಮೇಲೆಯೇ ನಿಂತಿರುತ್ತದೆ, ಬಹುತೇಕರಿಗೆ ಮಾತ್ರೆಯೂ ಬೇಕಾಗುವುದಿಲ್ಲ. ಒಂದೇ ಕ್ರಿಯೆ, ಒಂದೇ ಸಂಖ್ಯೆ. ಎರಡರ ನಡುವಿನ ಭೇದವೆಲ್ಲ ವೇಗದ ಲೆಕ್ಕದಲ್ಲಿ ಅಡಗಿದೆ.

ಈ ಲೆಕ್ಕವನ್ನು ಖಚಿತವಾಗಿ ಕಟ್ಟಿಕೊಟ್ಟದ್ದು 1913ರಲ್ಲಿ ಬರ್ಲಿನ್ನಿನಿಂದ ಪ್ರಕಟವಾದ ಒಂದು ಪ್ರಬಂಧ. ಲಿಯೊನೊರ್ ಮೈಕೇಲಿಸ್ ಮತ್ತು ಕೆನಡಾದಿಂದ ಬಂದಿದ್ದ ವೈದ್ಯೆ ಮಾಡ್ ಮೆಂಟೆನ್ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವದ ಮೇಲೆ ಪ್ರಯೋಗ ಮಾಡಿದರು. ಇವರಿಗಿಂತ ಹತ್ತು ವರ್ಷ ಮೊದಲೇ ಪ್ಯಾರಿಸ್ಸಿನ ವಿಕ್ಟರ್ ಹೆನ್ರಿ ಇದೇ ಬಗೆಯ ಸಮೀಕರಣ ಬರೆದಿದ್ದ; ಆದರೆ ಅವನ ಪ್ರಯೋಗಗಳಲ್ಲಿ ಹುಳಿಯ ಹತೋಟಿ ಇರಲಿಲ್ಲ. ಪಿಎಚ್ ಎಂಬ ಅಳತೆಯೇ ಬಂದದ್ದು 1909ರಲ್ಲಿ. ಮೈಕೇಲಿಸ್ ಮತ್ತು ಮೆಂಟೆನ್ ಪಿಎಚ್ ಅಲುಗದಂತೆ ನೋಡಿಕೊಂಡರು, ಕ್ರಿಯೆ ಶುರುವಾದ ಮೊದಲ ಘಳಿಗೆಗಳ ವೇಗವನ್ನಷ್ಟೇ ಅಳೆದರು. ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ಹೇಳದ ವೇಗಕ್ಕೆ ಅರ್ಥವಿಲ್ಲ ಎಂಬ ಪಾಠ ಈ ಶಾಸ್ತ್ರದ ಬುನಾದಿಯಲ್ಲೇ ಇದೆ. ಮೆಂಟೆನ್ ಆಮೇಲೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಪ್ರತಿಯೊಂದು ಜೀವರಸಾಯನ ಪುಸ್ತಕದಲ್ಲೂ ಹೆಸರಿರುವ ಈ ಹೆಣ್ಣುಮಗಳಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1948ರಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ. ಇವರ ಸಮೀಕರಣವನ್ನು 1925ರಲ್ಲಿ ಇನ್ನಷ್ಟು ಸಡಿಲ ಷರತ್ತಿಗೂ ಒಗ್ಗಿಸಿದವರು ಬ್ರಿಗ್ಸ್ ಮತ್ತು ಜೆ.ಬಿ.ಎಸ್. ಹಾಲ್ಡೇನ್, ಭಾರತದ ಪೌರನಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಸಮೀಕರಣ ಹೇಳುವುದು ಇಷ್ಟು. ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ವಸ್ತು ವಿರಳವಾಗಿದ್ದಾಗ, ಅದನ್ನು ಎರಡು ಪಟ್ಟು ಮಾಡಿದರೆ ವೇಗವೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ವಸ್ತು ಹೇರಳವಾಗಿದ್ದಾಗ ಇನ್ನೆಷ್ಟು ಸುರಿದರೂ ವೇಗ ಏರುವುದಿಲ್ಲ. ಊರಿನ ಹಿಟ್ಟಿನ ಗಿರಣಿಯ ಮುಂದೆ ಚೀಲಗಳ ಸಾಲು ಬೆಳೆದರೆ ಕಲ್ಲು ಬೇಗ ತಿರುಗುತ್ತದೆಯೇ? ಗರಿಷ್ಠ ವೇಗದ ಅರ್ಧ ಸಿಗಲು ಬೇಕಾಗುವ ವಸ್ತುವಿನ ಸಾಂದ್ರತೆಯನ್ನು ಮೈಕೇಲಿಸ್ ಸ್ಥಿರಾಂಕ ಎನ್ನುತ್ತಾರೆ. ಅದರ ಹತ್ತು ಪಟ್ಟು ವಸ್ತುವಿದ್ದರೆ ವೇಗ ಗರಿಷ್ಠದ ಶೇ 91, ಹತ್ತನೇ ಒಂದು ಭಾಗವಿದ್ದರೆ ಶೇ 9. ಕುಡಿದ ಮದ್ಯ ಇಳಿಯುವ ಬಗೆ ಇದಕ್ಕೆ ನಿತ್ಯದ ಉದಾಹರಣೆ. ಯಕೃತ್ತಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಬಹಳ ಕಡಿಮೆ ಮದ್ಯಕ್ಕೇ ಪೂರ್ತಿ ತುಂಬಿಹೋಗುತ್ತದೆ. ಆಮೇಲೆ ರಕ್ತದ ಮದ್ಯ ಇಳಿಯುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ, ಒಂದೇ ಸಮನೆ. 100 ಮಿಲಿಲೀಟರ್ ರಕ್ತಕ್ಕೆ 120 ಮಿಲಿಗ್ರಾಂ ಇದ್ದವನು ಕಾನೂನು ಒಪ್ಪುವ 30ಕ್ಕೆ ಇಳಿಯಲು ಆರು ಗಂಟೆ ಕಾಯಲೇಬೇಕು. ನಿಂಬೆಹುಳಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ಕಿಣ್ವವನ್ನು ಅವಸರಪಡಿಸುವುದಿಲ್ಲ.

ಯೂನಿಟ್ ಎಂಬುದು ಜನರಿಗೆ ಅರ್ಥವಾಗದ ಅಳತೆ ಎನ್ನುವವರು ಮನೆಯ ಕಪಾಟಿನಲ್ಲಿರುವ ರಕ್ತಪರೀಕ್ಷೆಯ ಚೀಟಿಯನ್ನು ತೆಗೆದು ನೋಡಲಿ. ಎಸ್‌ಜಿಪಿಟಿ ಲೀಟರಿಗೆ 40 ಯೂನಿಟ್ ಎಂದಿರುತ್ತದೆ. ಅದು ತೂಕ ಅಲ್ಲ, ವೇಗ. ಒಂದು ಲೀಟರ್ ಸೀರಂನಲ್ಲಿರುವ ಆ ಕಿಣ್ವ ನಿಮಿಷಕ್ಕೆ 40 ಮೈಕ್ರೊಮೋಲ್ ವಸ್ತುವನ್ನು ಬದಲಿಸಿತು ಎಂದು ಅದರ ಅರ್ಥ. ಈ ವ್ಯಾಖ್ಯಾನ ಕೊಟ್ಟದ್ದೂ ಅದೇ 1961ರ ಆಯೋಗ. ಪ್ರಯೋಗಾಲಯದವರು ಕಿಣ್ವಕ್ಕೆ ಬೇಕಾದ ಕಚ್ಚಾವಸ್ತುವನ್ನು ಧಾರಾಳವಾಗಿ ಹಾಕಿ, 37 ಡಿಗ್ರಿಯಲ್ಲಿಟ್ಟು, 340 ನ್ಯಾನೊಮೀಟರಿನ ಬೆಳಕು ಎಷ್ಟು ಬೇಗ ಬದಲಾಗುತ್ತದೆ ಎಂದು ನೋಡುತ್ತಾರೆ. ಧಾರಾಳವಾಗಿ ಹಾಕುವುದಕ್ಕೂ ಕಾರಣವಿದೆ: ವಸ್ತು ಸಾಲದೆ ಹೋದರೆ ಅಳತೆ ಕಿಣ್ವದ್ದಾಗದೆ ವಸ್ತುವಿನದಾಗಿಬಿಡುತ್ತದೆ. ಯಕೃತ್ತಿನ ಜೀವಕೋಶಗಳು ಒಡೆದಾಗ ಒಳಗಿನ ಕಿಣ್ವ ರಕ್ತಕ್ಕೆ ಸೋರಿ, ಈ ವೇಗ ಏರುತ್ತದೆ. ಇಂಥ ಸೂಕ್ಷ್ಮ ಅಳತೆಯನ್ನು ಓದಿಕೊಂಡು, ಹೋದ ಸಲ 60 ಇತ್ತು, ಈ ಸಲ 42ಕ್ಕೆ ಇಳಿದಿದೆ ಎಂದು ಮನೆಮಂದಿ ಮಾತಾಡಿಕೊಳ್ಳುತ್ತಾರೆ. ರೈತರು ಗೊಬ್ಬರದ ಚೀಲದ ಮೇಲಿನ 19:19:19 ಓದುತ್ತಾರೆ, ಯೂರಿಯಾದಲ್ಲಿ ಶೇ 46 ಸಾರಜನಕ ಎಂದು ತಿಳಿದು ಲೆಕ್ಕ ಹಾಕುತ್ತಾರೆ. ಜನರಿಗೆ ಅರ್ಥವಾಗುವುದಿಲ್ಲ ಎಂಬುದು ಅಂಕಿ ಕೊಡಲು ಮನಸ್ಸಿಲ್ಲದವರ ನೆಪ.

ಈಗ ಜೀರ್ಣದ ಸಿರಪ್ಪಿಗೆ ಬರೋಣ. ನಮ್ಮ ಔಷಧದ ಅಂಗಡಿಗಳಲ್ಲಿ ಡಯಸ್ಟೇಸ್ ಮತ್ತು ಪೆಪ್ಸಿನ್ ಕೂಡಿಸಿದ ಸಿಹಿ ದ್ರವಕ್ಕೆ ದಶಕಗಳ ಗಿರಾಕಿಯಿದೆ. ನ್ಯಾಯವಾಗಿ ಹೇಳಬೇಕಾದರೆ ಇವುಗಳ ಲೇಬಲ್ಲಿನಲ್ಲಿ 1:1200, 1:3000 ಎಂಬಂಥ ಅಂಕಿಗಳಿರುತ್ತವೆ. ಒಂದು ಪಾಲು ಕಿಣ್ವ ತನ್ನ ಎಷ್ಟು ಪಟ್ಟು ಪಿಷ್ಟವನ್ನೋ ಪ್ರೋಟೀನನ್ನೋ ಕರಗಿಸುತ್ತದೆ ಎಂಬ ಹಳೆಯ ಕಾಲದ ಅಳತೆ ಅದು. ಯಾವ ಪಿಎಚ್‌ನಲ್ಲಿ ಎಂಬುದು ಮಾತ್ರ ಗ್ರಾಹಕನಿಗೆ ಕಾಣುವುದಿಲ್ಲ. ಶಿಲೀಂಧ್ರದ ಡಯಸ್ಟೇಸ್‌ಗೆ ಬೇಕಾದದ್ದು ಸೌಮ್ಯ ಹುಳಿ, ಪೆಪ್ಸಿನ್‌ಗೆ ಕಡು ಹುಳಿ. ಒಂದಕ್ಕೆ ಒಗ್ಗುವ ಜಾಗ ಇನ್ನೊಂದಕ್ಕೆ ಒಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ. ಆರೋಗ್ಯವಂತ ಹೊಟ್ಟೆಯಲ್ಲಿ ಜೀರ್ಣ ನಿಧಾನವಾಗಿದ್ದರೆ ಅದು ಕಿಣ್ವದ ಕೊರತೆಯಿಂದಲೇ? ಮೇದೋಜೀರಕ ತನ್ನ ಸಾಮರ್ಥ್ಯದ ಸುಮಾರು ಶೇ 90ನ್ನು ಕಳೆದುಕೊಂಡ ಮೇಲಷ್ಟೇ ಕೊಬ್ಬು ಅರಗದೆ ಮಲದಲ್ಲಿ ಹೋಗತೊಡಗುತ್ತದೆ ಎಂಬುದು ವೈದ್ಯಕೀಯದಲ್ಲಿ ಹಳೆಯ ತಿಳಿವಳಿಕೆ. ಇಷ್ಟು ಮಿಗತೆ ಇರುವ ಜಾಗಕ್ಕೆ ಇನ್ನೆರಡು ಚಮಚ ಸುರಿದರೆ ವೇಗವೇನೂ ಬದಲಾಗದು. ನಿಜವಾಗಿ ಮೇದೋಜೀರಕ ಸೋತವರಿಗೆ ವೈದ್ಯರು ಕೊಡುವ ಕಿಣ್ವದ ಕ್ಯಾಪ್ಸೂಲುಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅವುಗಳ ಪ್ರಮಾಣ ಲೈಪೇಸ್ ಯೂನಿಟ್ಟಿನಲ್ಲೇ ಇರುತ್ತದೆ, ಊಟವೊಂದಕ್ಕೆ ಹತ್ತಾರು ಸಾವಿರ; ಜಠರದ ಆಮ್ಲ ದಾಟುವ ತನಕ ಕರಗದಂಥ ಹೊದಿಕೆಯೂ ಇರುತ್ತದೆ. ಎಳೆಗೂಸುಗಳಿಗೆ ಕೊಡುವ ಲ್ಯಾಕ್ಟೇಸ್ ಹನಿಗಳ ಬಾಟಲಿಯ ಮೇಲೂ ಯೂನಿಟ್ ಇರುತ್ತದೆ. ಕೆಲಸ ಮಾಡಲೇಬೇಕಾದ ಕಡೆ ಅಂಕಿ ತಾನಾಗಿಯೇ ಕಾಣಿಸಿಕೊಳ್ಳುವುದು ಗಮನಿಸಬೇಕಾದ ಸಂಗತಿ.

ಬಯೋ ಎಂಜೈಮ್ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು, ಏಕೆಂದರೆ ಅದನ್ನು ಮಾಡುವವರ ಉದ್ದೇಶ ಒಳ್ಳೆಯದು. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು ಕೊಳೆಹಾಕಿದರೆ ಬರುವ ಹುಳಿನೀರು ನೆಲ, ಸಿಂಕು ಒರೆಸಲು ಆದೀತು. ಕಸಕ್ಕೆ ಹೋಗುವ ಸಿಪ್ಪೆ ಉಳಿಯುತ್ತದೆ, ಕಟು ರಾಸಾಯನಿಕದ ಬಳಕೆ ತಗ್ಗುತ್ತದೆ. ಆದರೆ ಕೊಳೆ ಬಿಡಿಸುವುದರಲ್ಲಿ ದೊಡ್ಡ ಪಾಲು ಅದರಲ್ಲಿರುವ ಆಮ್ಲದ್ದು. ಹುದುಗು ಬಂದ ಯಾವ ದ್ರವದಲ್ಲೂ ಒಂದಷ್ಟು ಕಿಣ್ವ ಇದ್ದೇ ಇರುತ್ತದೆ. ಎಷ್ಟು ಎಂಬುದು ಒಂದು ಡಬ್ಬದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ನೆಲ ಒರೆಸುವುದಕ್ಕೆ ಇದೇನೂ ತೊಂದರೆಯಿಲ್ಲ. ಅದನ್ನೇ ಕೆರೆಗೆ ಸುರಿದು ನೀರು ಶುದ್ಧವಾಗುತ್ತದೆ ಎಂದಾಗ ಲೆಕ್ಕ ಕೇಳಬೇಕಾಗುತ್ತದೆ. 10 ಹೆಕ್ಟೇರಿನ, ಸರಾಸರಿ ಒಂದು ಮೀಟರ್ ಆಳದ ಸಣ್ಣ ಕೆರೆಯಲ್ಲಿ 10 ಕೋಟಿ ಲೀಟರ್ ನೀರಿರುತ್ತದೆ. ಸಾವಿರ ಲೀಟರ್ ದ್ರಾವಣ ಸುರಿದರೆ ಅದು ಲಕ್ಷಕ್ಕೊಂದು ಪಾಲು. ಕೆರೆಯ ನೀರಿನಲ್ಲಿ ಕೊಳಕಿನ ಒಂದೊಂದು ವಸ್ತುವೂ ವಿರಳ. ವಿರಳವಾದಾಗ ವೇಗ ವಸ್ತುವಿಗೂ ಕಿಣ್ವಕ್ಕೂ ಎರಡಕ್ಕೂ ಅನುಗುಣವಾಗಿ ಕುಸಿಯುತ್ತದೆ ಎಂದು ಸಮೀಕರಣ ಹೇಳುತ್ತದೆ. ಲಕ್ಷ ಪಟ್ಟು ತೆಳುವಾದ ಕಿಣ್ವ, ಅಳತೆಗೆ ಸಿಗದಷ್ಟು ನಿಧಾನ. ಕಿಣ್ವವೂ ಒಂದು ಪ್ರೋಟೀನೇ ಆದ್ದರಿಂದ ಕೆರೆಯ ಬ್ಯಾಕ್ಟೀರಿಯಾ ಅದನ್ನೇ ತಿಂದು ಮುಗಿಸುತ್ತವೆ. ದ್ರಾವಣದಲ್ಲಿ ಉಳಿದ ಬೆಲ್ಲ, ಆಮ್ಲಗಳನ್ನು ಅರಗಿಸಲು ಅವು ನೀರಿನ ಆಮ್ಲಜನಕವನ್ನು ಬಳಸುವುದರಿಂದ ಕೊಳಚೆಯ ಹೊರೆ ಒಂದು ಹನಿ ಹೆಚ್ಚೇ ಆಗುತ್ತದೆ. ಚರಂಡಿ ನೀರು ಕೆರೆ ಸೇರುವುದನ್ನು ತಡೆಯುವ ಖರ್ಚಿನ ಕೆಲಸಕ್ಕೆ ಇದು ಬದಲಿಯಾಗಲಾರದು, ಆದರೂ ಬದಲಿಯೆಂಬ ಭ್ರಮೆಯನ್ನು ಸುಲಭವಾಗಿ ಹುಟ್ಟಿಸುತ್ತದೆ.

ಯೂನಿಟ್ ಅಚ್ಚಾಗಿರಬೇಕು ಎಂಬ ವಾದಕ್ಕೆ ತೂಕದ ಆಕ್ಷೇಪವೊಂದಿದೆ. ಮೈಕೇಲಿಸ್–ಮೆಂಟೆನ್ ಲೆಕ್ಕ ಪ್ರನಾಳದ ಲೆಕ್ಕ. ಜೀವಂತ ದೇಹದಲ್ಲಿ ಪ್ರೋಟೀನುಗಳು ಒತ್ತೊತ್ತಾಗಿ ತುಂಬಿರುತ್ತವೆ, ಒಂದು ಕಿಣ್ವದ ಉತ್ಪನ್ನ ಇನ್ನೊಂದರ ಕಚ್ಚಾವಸ್ತುವಾಗುತ್ತದೆ, ಹಲವು ಕಿಣ್ವಗಳು ಬೇರೆ ಅಣುಗಳ ಮಾತು ಕೇಳಿ ವೇಗ ಬದಲಿಸುತ್ತವೆ, ಆದ್ದರಿಂದ ಯೂನಿಟ್ಟಿನ ಅಂಕಿ ದೇಹದೊಳಗಿನ ಪರಿಣಾಮವನ್ನು ಹೇಳಲಾರದು ಎಂಬುದು ಆ ವಾದ. ಇದರಲ್ಲಿ ನಿಜವಿದೆ. ಮೇಲೆ ಹೇಳಿದ ಗ್ಲುಕೋಕೈನೇಸ್ ಕೂಡ ಆ ಸರಳ ಸಮೀಕರಣವನ್ನು ಅಕ್ಷರಶಃ ಪಾಲಿಸುವುದಿಲ್ಲ. ಅದರ ಗೆರೆ ಕೊಂಚ ಎಸ್ ಆಕಾರಕ್ಕೆ ತಿರುಗುತ್ತದೆ. ಆದರೆ ಅಂಕಿ ಎಲ್ಲವನ್ನೂ ಹೇಳದು ಎಂಬುದರಿಂದ ಅಂಕಿಯೇ ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಪ್ರನಾಳದ ಲೆಕ್ಕ ದೇಹದೊಳಗೆ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಕರ್ನಾಟಕ ಮರೆಯಬಾರದ ಒಂದು ಸಂದರ್ಭವಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಸುತ್ತಮುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಮೆಥನಾಲ್ ತಾನೇ ಅಷ್ಟು ಕೊಲ್ಲುವ ವಸ್ತುವಲ್ಲ. ಮದ್ಯವನ್ನು ಇಳಿಸುವ ಅದೇ ಆಲ್ಕೋಹಾಲ್ ಡಿಹೈಡ್ರೋಜಿನೇಸ್, ಇ.ಸಿ. 1.1.1.1, ಪಟ್ಟಿಯ ಮೊಟ್ಟಮೊದಲ ಕಿಣ್ವ, ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಮುಂದಿನ ಕಿಣ್ವ ಅದನ್ನು ಫಾರ್ಮಿಕ್ ಆಮ್ಲಕ್ಕೆ ತಿರುಗಿಸುತ್ತದೆ. ಕಣ್ಣಿನ ನರ ಸುಡುವುದು, ಉಸಿರು ಕಟ್ಟಿಸುವುದು ಆ ಆಮ್ಲ.

ಚಿಕಿತ್ಸೆ ಹೊಳೆದದ್ದು ವೇಗಶಾಸ್ತ್ರದಿಂದ. ಈ ಕಿಣ್ವಕ್ಕೆ ಮೆಥನಾಲ್‌ಗಿಂತ ಸಾಮಾನ್ಯ ಮದ್ಯವಾದ ಎಥನಾಲ್ ಬಹಳ ಹೆಚ್ಚು ಹಿಡಿಸುತ್ತದೆ, ಅಂದರೆ ಎಥನಾಲ್‌ನ ಮೈಕೇಲಿಸ್ ಸ್ಥಿರಾಂಕ ತೀರ ಸಣ್ಣದು. ಎರಡೂ ಒಟ್ಟಿಗಿದ್ದರೆ ಕಿಣ್ವದ ಜಾಗವನ್ನೆಲ್ಲ ಎಥನಾಲ್ ಹಿಡಿದುಕೊಳ್ಳುತ್ತದೆ. ಮೆಥನಾಲ್ ವಿಷವಾಗಿ ಬದಲಾಗದೆ ಮೂತ್ರಪಿಂಡದ ಮೂಲಕವೋ ಡಯಾಲಿಸಿಸ್ ಯಂತ್ರದ ಮೂಲಕವೋ ಹೊರಗೆ ಹೋಗುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲಿ ವೈದ್ಯರು ರೋಗಿಯ ರಕ್ತದಲ್ಲಿ ಎಥನಾಲ್‌ನ್ನು 100 ಮಿಲಿಲೀಟರಿಗೆ 100ರಿಂದ 150 ಮಿಲಿಗ್ರಾಂ ಮಟ್ಟದಲ್ಲಿ ಹಿಡಿದಿಡುತ್ತಾರೆ, ಅಥವಾ ಕಿಣ್ವವನ್ನೇ ಇನ್ನೂ ಬಿಗಿಯಾಗಿ ಕಟ್ಟಿಹಾಕುವ ಫೋಮೆಪಿಜೋಲ್ ಎಂಬ ಔಷಧ ಕೊಡುತ್ತಾರೆ. 2013ರಿಂದ ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಇಲ್ಲಿ ಪ್ರಮಾಣವೇ ಪ್ರಾಣ. ಮಟ್ಟ ಇಳಿದರೆ ಮೆಥನಾಲ್ ಮತ್ತೆ ಕಿಣ್ವಕ್ಕೆ ಸಿಗುತ್ತದೆ, ವಿಪರೀತ ಏರಿದರೆ ಎಥನಾಲೇ ಕೊಲ್ಲುತ್ತದೆ. ವಿಷ ಕುಡಿದವನಿಗೆ ಮನೆಯಲ್ಲೇ ಇನ್ನಷ್ಟು ಕುಡಿಸುವುದು ಚಿಕಿತ್ಸೆಯಲ್ಲ ಎಂದು ಬೇರೆ ಹೇಳಬೇಕಿಲ್ಲ. ಪ್ರನಾಳದಲ್ಲಿ ಅಳೆದ ಅಂಕಿಗಳು ಇಷ್ಟು ನೇರವಾಗಿ ಮನುಷ್ಯನನ್ನು ಬದುಕಿಸಬಲ್ಲವಾದರೆ, ಸಿರಪ್ಪಿನ ಲೇಬಲ್ಲಿಗೆ ಅವು ಅಪ್ರಸ್ತುತ ಎನ್ನುವುದು ಹೇಗೆ?

ಇನ್ನೊಂದು ಆಕ್ಷೇಪ ನಮ್ಮ ಅಡುಗೆಮನೆಯ ಕಡೆಯಿಂದ ಬರುತ್ತದೆ. ಇಡ್ಲಿ ಹಿಟ್ಟು ಹುಳಿಯುವುದಕ್ಕೆ, ಹಾಲು ಹೆಪ್ಪಾಗುವುದಕ್ಕೆ, ರಾಗಿ ಮೊಳಕೆಯ ಹುರಿಹಿಟ್ಟು ಮಗುವಿಗೆ ಒಗ್ಗುವುದಕ್ಕೆ ಯಾರೂ ಯೂನಿಟ್ ಕೇಳಿಲ್ಲವಲ್ಲ? ಕೇಳಬೇಕಾಗಿಯೂ ಇಲ್ಲ. ಹಿಟ್ಟು ಉಬ್ಬಿತೋ ಇಲ್ಲವೋ ಬೆಳಿಗ್ಗೆ ಪಾತ್ರೆಯಲ್ಲೇ ಕಾಣುತ್ತದೆ, ಮತ್ತು ಇಡ್ಲಿಯನ್ನು ಯಾರೂ ಕಿಣ್ವವೆಂದು ಮಾರುತ್ತಿಲ್ಲ. ಕಣ್ಣಿಗೆ ಕಾಣದ ಪರಿಣಾಮವನ್ನು ಹೆಸರು ಹೇಳಿ ಮಾರುವಾಗ ಮಾತ್ರ ಅಂಕಿಯ ಹೊಣೆ ಹುಟ್ಟುತ್ತದೆ. ಇ.ಸಿ. ಪಟ್ಟಿಯೇ ಆಗಾಗ ಬದಲಾಗುತ್ತದೆ, ಎಟಿಪಿ ಸಿಂಥೇಸ್ ಮೂರನೆಯ ವರ್ಗದಿಂದ ಏಳನೆಯದಕ್ಕೆ ಹೋಯಿತು, ಅಂಥ ಅಂಕಿಯನ್ನು ನೆಚ್ಚುವುದು ಹೇಗೆ ಎನ್ನುವವರೂ ಇದ್ದಾರೆ. ಬದಲಾದ ಸಂಖ್ಯೆಗಳ ದಾಖಲೆ ಆ ಪಟ್ಟಿಯಲ್ಲೇ ಉಳಿಯುತ್ತದೆ. ಜಾಹೀರಾತಿನ ವಿಶೇಷಣಗಳಿಗೆ ಆ ಶಿಸ್ತೂ ಇಲ್ಲ.

ಸಣ್ಣ ತಯಾರಕರ, ಸ್ವಸಹಾಯ ಸಂಘಗಳ ಮಹಿಳೆಯರ ಮೇಲೆ ಇದು ಹೊರೆಯಾಗುತ್ತದೆ ಎಂಬ ಮಾತನ್ನು ಮಾತ್ರ ತಳ್ಳಿಹಾಕಲಾಗದು. ಅದಕ್ಕೆ ದಾರಿ ಎರಡು. ತಮ್ಮ ಸಿಪ್ಪೆನೀರನ್ನು ‘ಹುದುಗು ಬರಿಸಿದ ಹಣ್ಣಿನ ಹುಳಿನೀರು’ ಎಂದು ಮಾರುವವರಿಗೆ ಯಾವ ನಿಯಮವೂ ಬೇಡ; ಕಿಣ್ವ ಎಂದು ಹೇಳಿಕೊಂಡರಷ್ಟೇ ಅಳತೆ ಬೇಕು. ಅಳೆಯುವುದೂ ದುಬಾರಿ ವಿದ್ಯೆಯಲ್ಲ. ಪಿಷ್ಟ ಕರಗಿಸುವ ಕಿಣ್ವವನ್ನು ಅಯೋಡಿನ್ನಿನ ನೀಲಿ ಬಣ್ಣ ಎಷ್ಟು ಹೊತ್ತಿಗೆ ಮಾಯವಾಗುತ್ತದೆ ಎಂದು ನೋಡಿ ಯಾವ ಪಿಯು ಕಾಲೇಜಿನ ಪ್ರಯೋಗಾಲಯದಲ್ಲೂ ಅಂದಾಜು ಮಾಡಬಹುದು. ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ವಿಧಾನಕ್ಕೆ ಬೇಕಾಗುವುದು ಒಂದು ಸಾಧಾರಣ ಕಲರಿಮೀಟರ್. ತಾಲ್ಲೂಕಿಗೊಂದು ಕಾಲೇಜು ಸಣ್ಣ ಶುಲ್ಕಕ್ಕೆ ಈ ಸೇವೆ ಕೊಡಲಿ, ಮಕ್ಕಳೇ ಅಳೆಯಲಿ. ಬಾಯಿಪಾಠದ ಆ ಬಾಗಿದ ಗೆರೆ ಅವರ ಕೈಯಲ್ಲೇ ಮೂಡುತ್ತದೆ. ಕಡ್ಡಾಯ ಮಾಡುವುದಾದರೆ ಮೊದಲು ದೊಡ್ಡವರಿಂದ ಶುರುವಾಗಬೇಕು: ಆಹಾರ ಪೂರಕಗಳ ಲೇಬಲ್ ನಿಯಮ ಆಹಾರ ಸುರಕ್ಷತಾ ಪ್ರಾಧಿಕಾರದ ಕೈಯಲ್ಲಿದೆ, ಸಿರಪ್ಪುಗಳದ್ದು ಔಷಧ ನಿಯಂತ್ರಕರ ಕೈಯಲ್ಲಿ. ಕೆರೆ ಶುದ್ಧಿಯ ಹಣ ನಮ್ಮದೇ ನಗರಸಭೆಗಳದ್ದು, ಅದಕ್ಕೆ ದಿಲ್ಲಿಯ ಅಪ್ಪಣೆಯೇನೂ ಬೇಕಿಲ್ಲ. ಕಿಣ್ವ ದ್ರಾವಣ ಪೂರೈಕೆಯ ಟೆಂಡರಿನಲ್ಲಿ ಇ.ಸಿ. ಸಂಖ್ಯೆ, ಲೀಟರಿಗೆ ಯೂನಿಟ್, ಅಳೆದ ಉಷ್ಣತೆ ಮತ್ತು ಪಿಎಚ್, ಸುರಿಯುವ ಮೊದಲು ಮತ್ತು ಆಮೇಲೆ ಕೆರೆ ನೀರಿನ ಆಮ್ಲಜನಕದ ಬೇಡಿಕೆ, ಇವಿಷ್ಟು ಕಾಲಂ ತುಂಬದೆ ಬಿಲ್ ಪಾಸಾಗಬಾರದು ಎಂದು ಮುಂದಿನ ಸಾಮಾನ್ಯ ಸಭೆಯಲ್ಲೇ ಒಬ್ಬ ಸದಸ್ಯ ನಿರ್ಣಯ ಮಂಡಿಸಬಹುದು.